ಭಾನುವಾರ ಬಂದರೆ ಅಳು ಬರುತ್ತದೆ: ಮಾಲ್ಡೀವ್ಸ್‌ನಲ್ಲಿರುವ ಶಿಕ್ಷಕಿಗೆ ಉತ್ತರ

ಪ್ರಶ್ನೆ: ನಾನು ಬೆಂಗಳೂರಿನ ಹನುಮಂತನಗರದವಳು. ವಯಸ್ಸು 31. ಎಂಟು ತಿಂಗಳಿಂದ ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಎರಡು ವರ್ಷದ ಕರಾರು. ಮಕ್ಕಳು ಒಳ್ಳೆಯವರು, ಪಾಠ ಚೆನ್ನಾಗಿಯೇ ನಡೆಯುತ್ತದೆ. ಆದರೆ ಸಂಜೆ ಆದರೆ ಎದೆ ಭಾರ. ಭಾನುವಾರ ಅಂತೂ ಸ್ಟಾಫ್ ರೂಮಿನಲ್ಲೇ ಕಣ್ಣು ತುಂಬಿಕೊಳ್ಳುತ್ತದೆ. ಊರಿನಲ್ಲಿ ಅಮ್ಮ ಒಬ್ಬರೇ. ಶಾಲೆ ಮುಗಿಸಿ ಬಂದರೆ ಮಲಗುವ ತನಕ ಅವರ ಜೊತೆ ವಿಡಿಯೊ ಕಾಲ್ ಆನ್ ಆಗಿಯೇ ಇರುತ್ತದೆ. ಗಣೇಶನ ಹಬ್ಬಕ್ಕೆ ಒಂದು ಪುಟ್ಟ ಮೂರ್ತಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಯಾರಿಗೆ ಹೇಳಿದರೂ ‘ಮಾಲ್ಡೀವ್ಸ್‌ನಲ್ಲಿದ್ದೀಯ, ಇನ್ನೇನು ಬೇಕು’ ಅಂತಾರೆ. ಇದು ಖಿನ್ನತೆಯೇ? ಕರಾರು ಬಿಟ್ಟು ವಾಪಸ್ ಬಂದುಬಿಡಲೇ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಭಾನುವಾರದ ಮೇಲೆ. ಮಾಲ್ಡೀವ್ಸ್‌ನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಅಲ್ಲಿ ವಾರದ ಮೊದಲ ಕೆಲಸದ ದಿನ. ನೀವು ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿರುವಾಗ ಬೆಂಗಳೂರಿನಲ್ಲಿ ಎಲ್ಲರೂ ತಡವಾಗಿ ಎದ್ದು ಎರಡನೇ ಕಾಫಿ ಕುಡಿಯುತ್ತಿರುತ್ತಾರೆ. ಯಾರದೋ ಮನೆಗೆ ನೆಂಟರು ಬಂದಿರುತ್ತಾರೆ. ಫ್ಯಾಮಿಲಿ ಗ್ರೂಪಿಗೆ ಮಸಾಲೆ ದೋಸೆಯ ಫೋಟೊ ಬಂದು ಬೀಳುತ್ತದೆ. ನೀವು ಅದನ್ನು ನೋಡುವುದು ನೋಟ್‌ಬುಕ್ ರಾಶಿಯ ಮುಂದೆ ಕೂತು. ಗಡಿಯಾರದಲ್ಲಿ ಎರಡು ಊರಿನ ನಡುವೆ ಅರ್ಧ ಗಂಟೆಯಷ್ಟೇ ವ್ಯತ್ಯಾಸ. ಆದರೆ ವಾರವೇ ಒಂದು ದಿನ ಸರಿದುಬಿಟ್ಟಿದೆ. ಆ ಹೊತ್ತಿನಲ್ಲಿ ಅಳು ಬಂದರೆ ಅದರಲ್ಲಿ ವಿಚಿತ್ರ ಏನೂ ಇಲ್ಲ.

ನಾನು ಆಪ್ತ ಸಮಾಲೋಚಕಿ. ಗಲ್ಫ್, ಮಾಲ್ಡೀವ್ಸ್, ಇಂಗ್ಲೆಂಡ್ ಅಂತ ಪಾಠ ಹೇಳಲು ಹೋದವರ ಜೊತೆ, ಅವರ ಮನೆಯವರ ಜೊತೆ ಮಾತಾಡುವುದೇ ನನ್ನ ಕೆಲಸದ ದೊಡ್ಡ ಪಾಲು. ‘ಯಾವಾಗಲೂ ಬೇಜಾರು ಮೇಡಂ’ ಅಂತಲೇ ಎಲ್ಲರೂ ಮಾತು ಶುರು ಮಾಡುತ್ತಾರೆ. ಯಾವಾಗ, ಎಲ್ಲಿ ಕೂತಾಗ, ಏನು ಕಂಡಾಗ ಅಂತ ಒಂದು ವಾರ ಬರೆದಿಡಿ ಎಂದರೆ ಬೇರೆಯದೇ ಚಿತ್ರ ಬರುತ್ತದೆ. ಮನೆ ನೆನಪು ದಿನವಿಡೀ ಒಂದೇ ಸಮ ಇರುವುದಿಲ್ಲ. ಅದಕ್ಕೆ ಅದರದೇ ಎರಡು ಮೂರು ಹೊತ್ತು ಇರುತ್ತವೆ. ನಿಮ್ಮ ವಿಷಯದಲ್ಲಿ ಅವು ಪತ್ರದಲ್ಲೇ ಇವೆ: ಭಾನುವಾರ, ಮತ್ತು ಸಂಜೆ. ‘ಹೋಮ್‌ಸಿಕ್’ ಎಂಬ ದೊಡ್ಡ ಮೂಟೆಯನ್ನು ಒಟ್ಟಿಗೆ ಎತ್ತಲು ಹೋಗಬೇಡಿ. ಈ ಎರಡು ಹೊತ್ತನ್ನು ಸರಿಮಾಡಿಕೊಳ್ಳೋಣ.

ಭಾನುವಾರದ್ದು ಸುಲಭ, ಬೇಗ ಮುಗಿಸುತ್ತೇನೆ. ನಿಮಗೂ ಊರಿನವರಿಗೂ ಒಟ್ಟಿಗೆ ರಜೆ ಸಿಗುವುದು ಶನಿವಾರ ಒಂದೇ. ಬೆಂಗಳೂರಿನ ಎಷ್ಟೋ ಆಫೀಸುಗಳಿಗೆ ಅವತ್ತು ರಜೆ. ಅಮ್ಮನಿಗೆ, ಅಣ್ಣ ತಂಗಿ ಯಾರಿದ್ದಾರೋ ಅವರಿಗೆ ನೇರವಾಗಿ ಹೇಳಿ: ‘ಎಲ್ಲರೂ ಸೇರೋದನ್ನು ತಿಂಗಳಿಗೆ ಎರಡು ಸಲವಾದರೂ ಶನಿವಾರ ಇಟ್ಟುಕೊಳ್ಳಿ, ನಾನೂ ಊಟಕ್ಕೆ ಕೂರ್ತೀನಿ.’ ಕೇಳಲು ಸಂಕೋಚ ಆಗಬಹುದು. ಕೇಳಿ. ದೂರ ಇರುವವರಿಗೆ ಏನು ಬೇಕು ಅಂತ ಮನೆಯವರಿಗೆ ತಾನಾಗಿ ಹೊಳೆಯುವುದಿಲ್ಲ. ಭಾನುವಾರ ಶಾಲೆ ಬಿಡುವ ತನಕ ಫ್ಯಾಮಿಲಿ ಗ್ರೂಪನ್ನು ಮ್ಯೂಟ್ ಮಾಡಿಡಿ. ಶುಕ್ರವಾರವನ್ನೂ ಸ್ವಲ್ಪ ನೋಡಿಕೊಳ್ಳಿ. ನಮಾಜ್ ಮುಗಿಯುವ ತನಕ ದ್ವೀಪ ನಿಶ್ಶಬ್ದ, ಅಂಗಡಿಗಳೂ ಮುಚ್ಚಿರುತ್ತವೆ. ಕೈಯಲ್ಲಿ ಕೆಲಸ ಇಲ್ಲದಿದ್ದರೆ ಆ ಬೆಳಗ್ಗೆ ಬಹಳ ಉದ್ದ ಅನ್ನಿಸುತ್ತದೆ. ದೋಸೆ ಹಿಟ್ಟು ರುಬ್ಬುವುದು, ಸಾರಿನ ಪುಡಿ ಮಾಡಿಡುವುದು, ಬಟ್ಟೆ ಒಗೆಯುವುದು, ಇವೆಲ್ಲ ಅವತ್ತಿಗೆ ಇರಲಿ.

ಸಂಜೆಯದ್ದು ಹಾಗಲ್ಲ. ಇದರ ಬಗ್ಗೆ ಜಾಸ್ತಿ ಹೇಳಬೇಕು.

ಮಾಲ್ಡೀವ್ಸ್‌ನಲ್ಲಿ 1,200ರಷ್ಟು ದ್ವೀಪಗಳಿವೆ. ಜನ ವಾಸಿಸುವುದು 200ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಅವುಗಳಲ್ಲಿ ಸಾವಿರ ಜನವೂ ಇಲ್ಲದವು ಬೇಕಾದಷ್ಟಿವೆ. ಈ ತುದಿಯಿಂದ ಆ ತುದಿಗೆ ನಡೆದರೆ ಕಾಲು ಗಂಟೆ, ಇಪ್ಪತ್ತು ನಿಮಿಷ. ನಾವು ಫೋಟೊದಲ್ಲಿ ನೋಡುವ ಮಾಲ್ಡೀವ್ಸ್ ರೆಸಾರ್ಟುಗಳದ್ದು. ಅವು ಬೇರೆಯೇ ದ್ವೀಪಗಳು. ನಿಮ್ಮದು ಮಸೀದಿ, ಶಾಲೆ, ಆರೋಗ್ಯ ಕೇಂದ್ರ, ದಕ್ಕೆ, ನಾಲ್ಕು ಅಂಗಡಿ ಇರುವ ಊರು. ‘ಇನ್ನೇನು ಬೇಕು’ ಎನ್ನುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅವರಿಗೆ ಒಂದು ಸಲ ವಿವರಿಸಿ, ಆಮೇಲೆ ಬಿಟ್ಟುಬಿಡಿ.

ಬೆಂಗಳೂರಿನಲ್ಲಿ ನೀವು ಶಾಲೆ ಬಿಟ್ಟು ಬಿಎಂಟಿಸಿ ಬಸ್ ಹತ್ತಿದರೆ ಆಮೇಲೆ ಯಾರಿಗೂ ಮೇಡಂ ಅಲ್ಲ. ಗಾಂಧಿ ಬಜಾರಿನಲ್ಲಿ ಇಳಿದು ಮೊಳ ಹೂವಿಗೆ ಚೌಕಾಸಿ ಮಾಡಬಹುದು. ದರ್ಶಿನಿಯ ಮುಂದೆ ನಿಂತು ಒಬ್ಬರೇ ಕಾಫಿ ಕುಡಿಯಬಹುದು. ಮುಖ ಗಂಟು ಹಾಕಿಕೊಂಡಿದ್ದರೂ ‘ಯಾಕೆ’ ಅಂತ ಕೇಳುವವರಿಲ್ಲ. ನಿಮ್ಮ ದ್ವೀಪದಲ್ಲಿ ಅಂಗಡಿಯವನು ಏಳನೇ ತರಗತಿ ಹುಡುಗನ ಅಪ್ಪ. ದೋಣಿ ಓಡಿಸುವವನು ಇನ್ನೊಬ್ಬಳ ಚಿಕ್ಕಪ್ಪ. ಮೊಟ್ಟೆ ತರಲು ಹೋದರೂ ‘ಮಿಸ್’, ಸಮುದ್ರದ ದಂಡೆಯಲ್ಲಿ ನಿಂತರೂ ‘ಮಿಸ್’. ಬೆಳಗ್ಗೆಯಿಂದ ರಾತ್ರಿ ತನಕ ನೀವು ಟೀಚರೇ. ಪ್ರೀತಿಯಿಂದಲೇ ಕರೆಯುತ್ತಾರೆ, ನಿಜ. ಆದರೂ ಅದರಲ್ಲಿ ದಣಿವಿದೆ. ಅಮ್ಮನ ನೆನಪು ಅಂದುಕೊಂಡಿರುವುದರಲ್ಲಿ ಒಂದು ದೊಡ್ಡ ಪಾಲು ಈ ದಣಿವು ಅಂತ ನನಗೆ ಅನ್ನಿಸುತ್ತದೆ. ಯಾರಿಗೂ ಗೊತ್ತಿಲ್ಲದವಳಾಗಿ ಇರುವ ಸುಖ ದೊಡ್ಡ ಊರು ಮಾತ್ರ ಕೊಡುತ್ತದೆ. ಅದು ತಪ್ಪಿಹೋದಾಗಲೂ ಮನಸ್ಸು ‘ಊರಿಗೆ ಹೋಗಬೇಕು’ ಅಂತಲೇ ಹೇಳುತ್ತದೆ.

ಇದಕ್ಕೆ ರೂಮಿನೊಳಗೆ ಬಾಗಿಲು ಹಾಕಿಕೊಂಡು ಕೂರುವುದು ಉತ್ತರ ಅಲ್ಲ. ಟೀಚರ್ ಅಲ್ಲದ ಇನ್ನೊಂದು ಪಾತ್ರ ನಿಮಗೆ ಅಲ್ಲಿ ಬೇಕು. ಸಂಜೆ ಬಿಸಿಲು ಇಳಿದ ಮೇಲೆ ಹೆಂಗಸರು ‘ಬಶಿ’ ಆಡುವುದನ್ನು ನೀವು ನೋಡಿರಬಹುದು. ನೆಟ್‌ಗೆ ಬೆನ್ನು ಹಾಕಿ ನಿಂತು, ಟೆನಿಸ್ ರಾಕೆಟ್‌ನಿಂದ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಹೊಡೆಯಬೇಕು. ಆಚೆ ಕಡೆಯವರು ಹಿಡಿಯಬೇಕು. ಹೊಸಬರಿಗೆ ಮೊದಮೊದಲು ಏನೂ ಬರುವುದಿಲ್ಲ. ಅದೇ ಒಳ್ಳೆಯದು. ಎಲ್ಲ ಗೊತ್ತಿರುವ ಮಿಸ್ ಅಲ್ಲಿ ಎಲ್ಲರಿಗಿಂತ ಕೆಟ್ಟ ಆಟಗಾರ್ತಿ ಆಗುತ್ತಾರೆ, ಉಳಿದವರು ಕಲಿಸುತ್ತಾರೆ. ನಿಮ್ಮ ದ್ವೀಪದಲ್ಲಿ ಬಶಿ ಇಲ್ಲದಿದ್ದರೆ ನೆಟ್‌ಬಾಲ್ ಇರಬಹುದು. ಆಟವೇ ಬೇಡ ಅಂದರೆ ಬೀದಿ ಬದಿಯಲ್ಲಿ ಹಗ್ಗದ ಜಾಲಿ ಹೆಣೆದ ಜೋಲಿ ಕುರ್ಚಿಗಳು ಇರುತ್ತವಲ್ಲ, ಅಲ್ಲಿ ಕೂತ ಅಜ್ಜಿಯರ ಪಕ್ಕ ಅರ್ಧ ಗಂಟೆ ಕೂತು ಬನ್ನಿ. ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವ ಜನ ಅವರು. ಆ ಕೂಟದಲ್ಲಿ ನಮ್ಮವರಿಗೆ ಹೊಸತು ಅನ್ನಿಸುವುದು ಬಹಳ ಕಡಿಮೆ.

ಇಲ್ಲೇ ವಿಡಿಯೊ ಕಾಲ್‌ನ ವಿಷಯ ಬರುತ್ತದೆ. ದ್ವೀಪದ ಜನ ಹೊರಗೆ ಬರುವುದು ಸಂಜೆ ಐದರಿಂದ ಕತ್ತಲಾಗುವ ತನಕ, ಮತ್ತೆ ರಾತ್ರಿಯ ನಮಾಜ್ ಆದ ಮೇಲೆ. ಸ್ನೇಹ ಬೆಳೆಯುವುದು ಆ ಹೊತ್ತಿನಲ್ಲೇ. ನೀವು ಅದೇ ಹೊತ್ತಿನಲ್ಲಿ ಒಳಗೆ ಫೋನ್ ಮುಂದೆ ಇರುತ್ತೀರಿ. ಅಮ್ಮ ಅಲ್ಲಿ ಒಗ್ಗರಣೆ ಹಾಕುತ್ತಾರೆ, ಧಾರಾವಾಹಿ ನೋಡುತ್ತಾರೆ, ನೀವು ಇಲ್ಲಿ ನೋಡುತ್ತಾ ಕೂರುತ್ತೀರಿ. ಮಾತೇನೂ ಇರುವುದಿಲ್ಲ, ಅಲ್ವಾ? ಹಾಗಂತ ಒಂದೇ ದಿನಕ್ಕೆ ನಿಲ್ಲಿಸಿ ಅಂತ ಹೇಳುವುದಿಲ್ಲ. ಒಂಟಿಯಾಗಿರುವ ಅಮ್ಮನಿಗೆ ಅದು ಬಾಗಿಲು ಮುಚ್ಚಿದ ಹಾಗೆ ಆಗುತ್ತದೆ. ಎರಡು ಭಾಗ ಮಾಡಿ. ಶಾಲೆಯಿಂದ ಬಂದ ಕೂಡಲೇ ಹತ್ತು ಹದಿನೈದು ನಿಮಿಷ, ಮಲಗುವ ಮುಂಚೆ ಅರ್ಧ ಗಂಟೆ. ನಡುವಿನ ಹೊತ್ತು ನಿಮ್ಮದು. ಅದರಲ್ಲಿ ಏನು ನಡೆಯಿತೋ ಅದನ್ನೇ ರಾತ್ರಿ ಅಮ್ಮನಿಗೆ ಹೇಳಿ. ಸುಮ್ನೆ ಆನ್ ಇರುವ ಫೋನಿಗಿಂತ, ಹೇಳಲು ಸುದ್ದಿ ಇಟ್ಟುಕೊಂಡು ಬರುವ ಮಗಳು ಅಮ್ಮನಿಗೂ ಹಿತ.

ಅಮ್ಮನ ಬಗ್ಗೆ ಇನ್ನೊಂದು ಮಾತು. ‘ಅಮ್ಮ ಒಬ್ಬರೇ’ ಅಂತ ಬರೆದಿದ್ದೀರಿ. ಅವರಿಗೆ ಏನನ್ನಿಸುತ್ತಿದೆ ಅಂತ ಎಲ್ಲೂ ಬರೆದಿಲ್ಲ. ಬಹುಶಃ ಇಬ್ಬರೂ ಒಬ್ಬರಿಗೊಬ್ಬರು ‘ಚೆನ್ನಾಗಿದ್ದೀನಿ’ ಅಂತ ನಟಿಸುತ್ತಿದ್ದೀರಿ. ಮಗಳು ನೊಂದುಕೊಳ್ಳುತ್ತಾಳೆ ಅಂತ ಅವರು ಮಂಡಿನೋವು ಹೇಳುವುದಿಲ್ಲ. ಅಮ್ಮ ಗಾಬರಿ ಆಗುತ್ತಾರೆ ಅಂತ ನೀವು ಅಳು ಹೇಳುವುದಿಲ್ಲ. ಒಂದು ದಿನ ಕೇಳಿ: ‘ಅಮ್ಮ, ನಿಂಗೆ ಯಾವ ಹೊತ್ತು ಕಷ್ಟ ಆಗುತ್ತೆ?’ ಉತ್ತರ ನಿಮ್ಮ ಊಹೆಯಂತೆ ಇರಬೇಕಾಗಿಲ್ಲ. ನಾನು ಕಂಡ ಎಷ್ಟೋ ತಾಯಂದಿರಿಗೆ ರಾತ್ರಿ ಊಟವನ್ನು ಒಬ್ಬರೇ ಮಾಡುವುದು ಕಷ್ಟ, ಉಳಿದ ಹೊತ್ತು ನಿಭಾಯಿಸುತ್ತಾರೆ. ಹಾಗಿದ್ದರೆ ಕಾಲ್ ಆ ಹೊತ್ತಿಗೆ ಇರಲಿ. ಅವರಿಗೆ ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿದರೆ 14416ಕ್ಕೆ ಕರೆ ಮಾಡಲು ಹೇಳಿ. ಅದು 2022ರಲ್ಲಿ ಶುರುವಾದ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

‘ಎಂಟು ತಿಂಗಳಾಯಿತು’ ಅಂದಿದ್ದೀರಿ. ಇಷ್ಟರೊಳಗೆ ಸರಿಹೋಗಬೇಕಿತ್ತು ಎಂಬ ಆತಂಕ ಅದರ ಹಿಂದೆ ಇದ್ದಂತಿದೆ. ಮೊದಲು ಖುಷಿ, ಆಮೇಲೆ ಕುಸಿತ, ಕೊನೆಗೆ ಹೊಂದಾಣಿಕೆ ಎಂಬ ಒಂದು ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಅಮೆರಿಕಕ್ಕೆ ಓದಲು ಹೋಗಿ ಬಂದ ನಾರ್ವೆಯವರನ್ನು ಮಾತಾಡಿಸಿ ಲಿಸ್‌ಗಾರ್ಡ್ ಎಂಬ ವಿದ್ವಾಂಸರು 1955ರಲ್ಲಿ ಬರೆದದ್ದು ಅದರ ಮೂಲ. ಆಮೇಲೆ ಜನರನ್ನು ಹೋದ ದಿನದಿಂದಲೇ ಹಿಂಬಾಲಿಸಿ ನೋಡಿದ ಅಧ್ಯಯನಗಳು ಬೇರೆ ಕಥೆ ಹೇಳಿದವು. ನ್ಯೂಜಿಲೆಂಡ್‌ಗೆ ಹೋದ ಜಪಾನಿನ ವಿದ್ಯಾರ್ಥಿಗಳನ್ನು ಕಾಲೀನ್ ವಾರ್ಡ್ ಮತ್ತು ಸಂಗಡಿಗರು ವರ್ಷವಿಡೀ ಗಮನಿಸಿದರು. ಅವರಿಗೆ ಅತಿ ಕಷ್ಟ ಆದದ್ದು ಕಾಲಿಟ್ಟ ಹೊಸತರಲ್ಲೇ. ಖುಷಿಯ ಮೊದಲ ಘಟ್ಟ ಕಾಣಲೇ ಇಲ್ಲ. ನನ್ನ ಅನುಭವದಲ್ಲೂ ಯಾರ ಮನಸ್ಸೂ ಆ ಲೆಕ್ಕದಂತೆ ಏರಿಳಿಯುವುದಿಲ್ಲ. ಹಬ್ಬಕ್ಕೆ, ಜ್ವರ ಬಂದಾಗ, ರಜೆ ಮುಗಿಸಿ ವಾಪಸ್ ಬಂದ ವಾರದಲ್ಲಿ ಮನೆ ನೆನಪು ಮತ್ತೆ ಬರುತ್ತದೆ, ಮತ್ತೆ ಇಳಿಯುತ್ತದೆ. ತಿಂಗಳು ಎಣಿಸುವುದು ಬಿಡಿ.

ದೂರವೂ ಕಿಲೋಮೀಟರಿನಲ್ಲಿ ಇಲ್ಲ. ಬೆಂಗಳೂರಿನಿಂದ ಅಲ್ಲಿನ ರಾಜಧಾನಿ ಮಾಲೆಗೆ ನೇರ ಲೆಕ್ಕದಲ್ಲಿ 1,100 ಕಿಲೋಮೀಟರಿನಷ್ಟು. ದಿಲ್ಲಿ ಇದಕ್ಕಿಂತ ದೂರ. ಆದರೆ ಮಾಲೆಯಿಂದ ನಿಮ್ಮ ದ್ವೀಪಕ್ಕೆ ಸಣ್ಣ ವಿಮಾನವೋ ಸ್ಪೀಡ್‌ಬೋಟೋ ಬೇಕು. ಮುಂಗಾರಿನಲ್ಲಿ ಕಡಲು ಕೆರಳಿದರೆ ಅದೂ ಇಲ್ಲ. ‘ಬೇಕಾದಾಗ ಹೋಗಲಾರೆ’ ಎಂಬ ಭಾವನೆ ಇದರಿಂದಲೇ ಬರುವುದು. ಅದಕ್ಕೆ ಮುಂದಿನ ರಜೆಯ ಟಿಕೆಟನ್ನು ಈಗಲೇ ತೆಗೆದಿಡಿ. ಹೋಗುವ ದಿನ ಗೊತ್ತಿದ್ದರೆ ಕಾಯುವುದು ಹಗುರ ಆಗುತ್ತದೆ. ನಿಮಗೆ ಊರಿನ ಋತುವೂ ತಪ್ಪಿದೆ ಎಂಬುದು ಗಮನದಲ್ಲಿರಲಿ. ಬೆಂಗಳೂರು ಇರುವುದು ಕಡಲಮಟ್ಟದಿಂದ 900 ಮೀಟರ್ ಮೇಲೆ. ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ, ಆಮೇಲೆ ಸ್ವೆಟರ್, ಅವರೆಕಾಯಿ ಅಂತ ವರ್ಷ ತಿರುಗುವುದು ಗೊತ್ತಾಗುತ್ತದೆ. ನೀವಿರುವ ನೆಲ ಸರಾಸರಿ ಒಂದೂವರೆ ಮೀಟರ್ ಎತ್ತರದ್ದು, ವರ್ಷವಿಡೀ ಒಂದೇ ಸೆಖೆ. ಸಾಧ್ಯವಾದರೆ ಒಂದು ರಜೆಯನ್ನು ಡಿಸೆಂಬರ್‌ಗೆ ಹೊಂದಿಸಿಕೊಳ್ಳಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೀನಿಲ್ಲದ ಅಡುಗೆ ಅಲ್ಲಿ ಕಡಿಮೆ. ಬೆಳಗಿನ ತಿಂಡಿ ಮಸ್‌ಹುನಿಯಲ್ಲೂ ತೆಂಗಿನಕಾಯಿ ತುರಿಯ ಜೊತೆ ಟ್ಯೂನಾ ಇರುತ್ತದೆ. ಸಸ್ಯಾಹಾರಿಗಳು ಬೇಸತ್ತು ಬ್ರೆಡ್, ನೂಡಲ್ಸ್‌ಗೆ ಇಳಿದುಬಿಡುತ್ತಾರೆ. ಅರೆಹೊಟ್ಟೆಯಲ್ಲಿದ್ದಾಗ ಸಂಜೆಯ ಬೇಜಾರು ಇನ್ನೂ ಜಾಸ್ತಿ. ಆದರೆ ಕರಿಬೇವು, ನುಗ್ಗೆ ಸೊಪ್ಪು, ತೆಂಗು, ಸಿಹಿಗುಂಬಳ, ಕೆಸುವಿನ ಗಡ್ಡೆ, ಜೀಗುಜ್ಜೆ ಎಲ್ಲ ಆ ನೆಲದಲ್ಲೇ ಬೆಳೆಯುತ್ತವೆ. ಅಕ್ಕಪಕ್ಕದವರ ಹಿತ್ತಲಿನಲ್ಲೇ ಇರಬಹುದು, ಕೇಳಿ ನೋಡಿ. ಊರಿನಿಂದ ತೊಗರಿಬೇಳೆ, ರಾಗಿಹಿಟ್ಟು, ಕಾಫಿಪುಡಿ ಬಂದರೆ ಅರ್ಧ ಅಡುಗೆಮನೆ ಬಂದಂತೆ. ಹಾಲಿನ ಪುಡಿಯಿಂದಲೂ ಗಟ್ಟಿ ಮೊಸರು ಆಗುತ್ತದೆ. ಆ ಸೆಖೆಗೆ ಇಡ್ಲಿ ಹಿಟ್ಟು ಬೆಂಗಳೂರಿಗಿಂತ ಬೇಗ ಹುಳಿ ಬರುತ್ತದೆ.

ಹಬ್ಬದ ನೋವು ನಿಜವಾದ ನೋವು. ಅದನ್ನು ಸಣ್ಣದು ಮಾಡಲಾರೆ. ವಿಗ್ರಹ ಒಯ್ಯುವುದಕ್ಕೆ ಅಲ್ಲಿನ ಕಸ್ಟಮ್ಸ್‌ನಲ್ಲಿ ನಿಷೇಧ ಇದೆ. ಬೇರೆ ಧರ್ಮದ ಆಚರಣೆ ಬಹಿರಂಗವಾಗಿ ನಡೆಯುವಂತಿಲ್ಲ. ಹೇಗಾದರೂ ಬಚ್ಚಿಟ್ಟು ಒಯ್ಯೋಣ ಎಂಬ ಯೋಚನೆ ಬೇಡ. ಕೆಲಸಕ್ಕೇ ಕುತ್ತು ಬರಬಹುದು. ಶ್ಲೋಕವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಅಮ್ಮ ಪೂಜೆ ಮಾಡುವಾಗ ಫೋನಿನಲ್ಲಿ ನೋಡಿ, ಅವತ್ತು ಕಡುಬು ಮಾಡಿ. ಹಬ್ಬದಲ್ಲಿ ನಮಗೆ ಮೂರ್ತಿಯಷ್ಟೇ ಬೇಕಾದದ್ದು ಬಂದುಹೋಗುವ ಜನ. ಕಾಯಿ ಬೆಲ್ಲದ ಕಡುಬನ್ನು ಒಂದು ತಟ್ಟೆಯಲ್ಲಿಟ್ಟು ಪಕ್ಕದ ಮನೆಗೆ ಕೊಟ್ಟು ಬನ್ನಿ. ನಮ್ಮೂರಿನ ಸಿಹಿ ಎಂದರೆ ಸಾಕು. ರಂಜಾನ್ ಬಂದಾಗ ಅವರ ಮನೆಯಿಂದ ನಿಮಗೂ ತಟ್ಟೆ ಬರಬಹುದು.

ಇನ್ನು ಮಾತು. ಇಂಗ್ಲಿಷಿನಲ್ಲಿ ಪಾಠ, ಕೇರಳ ತಮಿಳುನಾಡಿನ ಸಹೋದ್ಯೋಗಿಗಳ ಜೊತೆ ಅರ್ಧಂಬರ್ಧ ಹಿಂದಿ, ಮಕ್ಕಳದ್ದು ದಿವೇಹಿ. ದಿನವಿಡೀ ತಮಾಷೆ ಮಾಡಲು ಆಗದೆ, ಮಾತಿಗೆ ಮಾತು ಕೊಡಲು ಆಗದೆ ಕಳೆಯುವುದು ಸುಸ್ತು. ದಿವೇಹಿ ಕಲಿಯಿರಿ. ನೀವು ಗಣಿತದವರು, ಅದರ ಲಿಪಿ ನಿಮಗೆ ಇಷ್ಟ ಆಗಿಯೇ ಆಗುತ್ತದೆ. ತಾನಾ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕಿಗಳಿಂದ ಹುಟ್ಟಿದವು, ನಂತರದ ಒಂಬತ್ತು ಆ ನಾಡಿನ ಹಳೆಯ ಅಂಕಿಗಳಿಂದ. ಅಂಕಿಗಳನ್ನೇ ಅಕ್ಷರ ಮಾಡಿಕೊಂಡ ಲಿಪಿ! ಹಿಂದೆ ಅವರು ಹನ್ನೆರಡರ ಲೆಕ್ಕದಲ್ಲಿ ಎಣಿಸುತ್ತಿದ್ದರು. ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬನ್ನಿ ಅಂತ ನಿಮ್ಮ ಮಕ್ಕಳಿಗೇ ಹೋಮ್‌ವರ್ಕ್ ಕೊಡಬಹುದು. ನಮ್ಮ ‘ಳ’, ನಮ್ಮ ಎ ಏ, ಒ ಓ ಅವರಲ್ಲೂ ಇವೆ. ಕನ್ನಡದ ನಾಲಿಗೆಗೆ ಅದು ಬೇಗ ಒಗ್ಗುತ್ತದೆ.

ಹೊರಗಿನಿಂದ ಬಂದು ಆ ದ್ವೀಪಗಳಲ್ಲಿ ಕೆಲಸ ಮಾಡಿದವರಲ್ಲಿ ಬಹಳ ಹೆಸರಾದವರು ಮೊರಾಕೊದ ಪ್ರವಾಸಿ ಇಬ್ನ್ ಬತೂತ. ಅವರು ನಮ್ಮ ಹೊನ್ನಾವರದಲ್ಲಿ ಇದ್ದವರು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಅಂತ ಮೆಚ್ಚಿ ಬರೆದಿದ್ದಾರೆ. ಆಮೇಲೆ 1343ರಲ್ಲಿ ಮಾಲ್ಡೀವ್ಸ್‌ಗೆ ಹೋಗಿ ನ್ಯಾಯಾಧೀಶರಾದರು. ಅಲ್ಲಿನ ಹೆಂಗಸರ ಉಡುಗೆ ಬದಲಿಸಲು ಹೊರಟು, ಅದು ಆಗಲಿಲ್ಲ ಅಂತ ತಾವೇ ಒಪ್ಪಿಕೊಂಡಿದ್ದಾರೆ. ಊರಿನ ದೊಡ್ಡವರ ಜೊತೆ ಕೆಡಿಸಿಕೊಂಡು 1344ರಲ್ಲಿ ಹೊರಟರು. ಅಷ್ಟು ಲೋಕ ಸುತ್ತಿದವರಿಗೂ ಆ ಸಣ್ಣ ದ್ವೀಪಗಳಲ್ಲಿ ಹೊಂದಿಕೊಳ್ಳುವುದು ಸುಲಭ ಆಗಲಿಲ್ಲ. ನೀವು ಎಂಟು ತಿಂಗಳಲ್ಲಿ ಮಕ್ಕಳ ಪ್ರೀತಿ ಗಳಿಸಿದ್ದೀರಿ. ಅದು ಕಡಿಮೆ ಅಲ್ಲ.

ಈಗ ನಿಮ್ಮ ನೇರ ಪ್ರಶ್ನೆ, ಇದು ಖಿನ್ನತೆಯೇ? ಪತ್ರ ಓದಿ ಅದನ್ನು ತೀರ್ಮಾನಿಸಬಾರದು. ಆದರೆ ‘ಪಾಠ ಚೆನ್ನಾಗಿಯೇ ನಡೆಯುತ್ತದೆ’ ಅಂದಿದ್ದೀರಿ. ಕೆಲಸದಲ್ಲಿ ಮುಳುಗಿದಾಗ ಮನಸ್ಸು ಹಗುರಾಗುತ್ತದೆ ಅಂದರೆ ಇದು ಹೆಚ್ಚಾಗಿ ಮನೆ ನೆನಪೇ. ಖಿನ್ನತೆ ಕ್ಲಾಸಿನೊಳಗೂ ಬರುತ್ತದೆ, ರಜೆಗೆ ಅಮ್ಮನ ಪಕ್ಕ ಕೂತಾಗಲೂ ಬಿಡುವುದಿಲ್ಲ. ಎರಡು ವಾರ ಸತತವಾಗಿ ದಿನದ ಹೆಚ್ಚಿನ ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ತಾನು ಯಾವ ಕೆಲಸಕ್ಕೂ ಬಾರದವಳು ಅನ್ನಿಸುತ್ತಿದೆ ಅಂದರೆ ದ್ವೀಪದ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿನ ವೈದ್ಯರು ಎಷ್ಟೋ ಸಲ ಭಾರತದವರೇ ಆಗಿರುತ್ತಾರೆ. ಮಾಲೆಯ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬದುಕುವುದೇ ಬೇಡ ಎಂಬ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಅವತ್ತೇ ಪಕ್ಕದಲ್ಲಿರುವ ಒಬ್ಬರಿಗೆ ಹೇಳಿ, ವೈದ್ಯರನ್ನು ನೋಡಿ.

ವಾಪಸ್ ಬರುವ ವಿಷಯ. ಬರುವುದು ಸೋಲಲ್ಲ. ಎರಡು ವರ್ಷ ಮುಗಿಸಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಈ ತೀರ್ಮಾನವನ್ನು ಭಾನುವಾರ ಮಾಡಬೇಡಿ, ರಾತ್ರಿಯಂತೂ ಬೇಡವೇ ಬೇಡ. ಮೇಲೆ ಹೇಳಿದ್ದನ್ನು ಎರಡು ತಿಂಗಳು ಮಾಡಿ ನೋಡಿ. ಸಂಜೆ ಸ್ವಲ್ಪವಾದರೂ ಬದಲಾಯಿತಾ? ಆಗಲಿಲ್ಲ ಅಂದರೆ, ಮನಸ್ಸು ಸಮಾಧಾನವಾಗಿರುವ ಒಂದು ಶನಿವಾರ ಬೆಳಗ್ಗೆ ಕರಾರಿನ ಕಾಗದ ತೆಗೆದು ಓದಿ. ನೋಟಿಸ್ ಅವಧಿ ಎಷ್ಟು, ವಿಮಾನದ ಖರ್ಚು ಯಾರದ್ದು, ಮಧ್ಯೆ ಬಿಟ್ಟರೆ ಏನು ಕಟ್ಟಬೇಕು ಅಂತ ಗುರುತು ಹಾಕಿಕೊಳ್ಳಿ. ಹತ್ತನೇ ತರಗತಿಯವರು ಪರೀಕ್ಷೆಯ ಹೊಸ್ತಿಲಲ್ಲಿದ್ದರೆ ಅದು ಮುಗಿಯುವ ತನಕ ಇದ್ದು ಬರುವುದು ಒಳ್ಳೆಯದು, ನಿಮ್ಮ ಮನಸ್ಸಿಗೂ ಆಮೇಲೆ ಕೊರಗು ಉಳಿಯುವುದಿಲ್ಲ. ಬೆಂಗಳೂರಿನ ಶಾಲೆಗಳು ತೆರೆಯುವುದು ಮೇ ಕೊನೆ, ಜೂನ್ ಹೊತ್ತಿಗೆ. ಖಾಸಗಿ ಶಾಲೆಗಳು ಶಿಕ್ಷಕರನ್ನು ಹುಡುಕುವುದು ಅದಕ್ಕಿಂತ ಎರಡು ಮೂರು ತಿಂಗಳು ಮುಂಚೆ. ಬರುವುದಾದರೆ ಆ ಲೆಕ್ಕಕ್ಕೆ ಹೊಂದಿಸಿ ಬನ್ನಿ. ಅನುಭವ ಪ್ರಮಾಣಪತ್ರಕ್ಕೆ ಸಹಿ, ಸೀಲು ಹಾಕಿಸಿ ಹೊರಡುವ ಮೊದಲೇ ಕೈಗೆ ತೆಗೆದುಕೊಳ್ಳಿ. ಇಲ್ಲಿಗೆ ಬಂದ ಮೇಲೆ ಅಲ್ಲಿಂದ ತರಿಸಿಕೊಳ್ಳುವುದು ಕಷ್ಟ.